ಮಾಳಿಗೆ ಮೇಲಿನ ಸೋಲಾರ್: ಲಾಭ ಯಾರಿಗೆ?

ಒಂದೆರಡು ವರ್ಷದಿಂದ ಮನೆ ಮೇಲೆ ಸೋಲಾರ್ ಹಾಕಿಸಿ ಎಂದು ಹೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಮೊದಲು ಪೇಟೆ ಅಂಚಿನ ಬಡಾವಣೆಗಳಲ್ಲಿ ಹಂಚುತ್ತಿದ್ದ ಕರಪತ್ರವನ್ನೇ ಈಗ ನಮ್ಮ ಹಳ್ಳಿಗಳಿಗೂ ತಂದು ಕೊಡುತ್ತಿದ್ದಾರೆ. ‘ಸರ್ಕಾರ 78 ಸಾವಿರ ಕೊಡುತ್ತೆ, ಕರೆಂಟ್ ಬಿಲ್ ಸೊನ್ನೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ತುಮಕೂರಿನ ಬಡಾವಣೆ ಮನೆಗೆ ಹೊಂದುವ ಲೆಕ್ಕ ಶಿರಾ, ಮಧುಗಿರಿ ಕಡೆಯ ಬೆದ್ದಲು ಭೂಮಿ ರೈತನ ಮನೆಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಅದರಲ್ಲಿ ಬರೆದಿಲ್ಲ. ಆ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು. ನಾನು ಓದಿದ್ದು ಏಳನೇ ಕ್ಲಾಸು. ಕೂಡೋದು, ಕಳೆಯೋದು, ಬಡ್ಡಿ ಲೆಕ್ಕ ಗೊತ್ತು. ಇದಕ್ಕೆ ಅಷ್ಟು ಸಾಕು.

ಯೋಜನೆ ಏನು?

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯ ಘರ್’ ಎಂಬ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಹಾಕಿಸಬೇಕು ಎಂಬುದು ಗುರಿ. ಅದಕ್ಕೆ 75,021 ಕೋಟಿ ರೂಪಾಯಿ ಇಟ್ಟಿದ್ದಾರೆ. 2026-27ರ ತನಕ ಇದರ ಅವಧಿ.

ಒಂದು ಕಿಲೋವ್ಯಾಟ್ ಹಾಕಿಸಿದವರಿಗೆ 30 ಸಾವಿರ ಸಹಾಯಧನ. ಎರಡಕ್ಕೆ 60 ಸಾವಿರ. ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ, ಅಲ್ಲಿಗೆ ನಿಂತಿತು. ಬಡಾವಣೆಯ ನಿವಾಸಿಗಳ ಸಂಘ, ಅಪಾರ್ಟ್‌ಮೆಂಟಿನವರು ನೀರಿನ ಮೋಟಾರು, ಬೀದಿ ದೀಪದಂಥ ಸಾಮೂಹಿಕ ಬಳಕೆಗೆ ಹಾಕಿಸಿದರೆ ಕಿಲೋವ್ಯಾಟಿಗೆ 18 ಸಾವಿರ. ಬ್ಯಾಂಕುಗಳು ಅಡಮಾನ ಇಲ್ಲದೆ ಶೇ. 6-7ರ ಆಸುಪಾಸಿನ ಬಡ್ಡಿಗೆ ಸಾಲ ಕೊಡುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಿದ್ದಾರೆ.

ಒಂದು ಕಿಲೋವ್ಯಾಟ್ ಪ್ಯಾನಲಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಬಿಸಿಲಿಗೆ ದಿನಕ್ಕೆ ಹತ್ತಿರ ಹತ್ತಿರ 4 ಯೂನಿಟ್, ತಿಂಗಳಿಗೆ 110ರಿಂದ 120 ಯೂನಿಟ್ ಕರೆಂಟ್ ಬರುತ್ತೆ. ಮೋಡದ ತಿಂಗಳಲ್ಲಿ ಕಮ್ಮಿ, ಬೇಸಿಗೆಯಲ್ಲಿ ಜಾಸ್ತಿ. ಹಗಲು ಬಂದ ಕರೆಂಟ್ ಮನೆಗೆ ಹೋಗಿ ಮಿಕ್ಕಿದ್ದು ಲೈನಿಗೆ ಹೋಗುತ್ತೆ. ರಾತ್ರಿ ನಾವು ಲೈನಿನಿಂದ ತಗೊಳ್ಳುತ್ತೇವೆ. ಹೋಗಿದ್ದು, ಬಂದದ್ದು ಎರಡನ್ನೂ ಓದುವ ಮೀಟರ್ ಕೂರಿಸುತ್ತಾರೆ. ಇದಕ್ಕೆ ನೆಟ್ ಮೀಟರ್ ಎನ್ನುತ್ತಾರೆ.

ಬಡಾವಣೆ ಮನೆಯ ಲೆಕ್ಕ

ಮೊದಲು ತುಮಕೂರು ಹೊರವಲಯದ ಒಂದು ಮನೆ ನೋಡೋಣ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಮೇಲೊಂದು ಬಾಡಿಗೆ ಕೋಣೆ. ಫ್ರಿಜ್ಜು, ವಾಷಿಂಗ್ ಮೆಷಿನ್, ಸಂಪಿನಿಂದ ನೀರೆತ್ತುವ ಮೋಟಾರು ಎಲ್ಲಾ ಇದೆ. ತಿಂಗಳಿಗೆ 320 ಯೂನಿಟ್ ಸುಡುತ್ತಾರೆ ಎನ್ನಿ. 200 ಯೂನಿಟ್ ದಾಟಿದ್ದರಿಂದ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ತೆರಿಗೆ, ಸರ್‌ಚಾರ್ಜ್ ಎಲ್ಲಾ ಸೇರಿ ಯೂನಿಟ್ಟಿಗೆ ಆರೂಮುಕ್ಕಾಲು ರೂಪಾಯಿ ಹತ್ತಿರ ಬೀಳುತ್ತೆ. ಬರೀ ಯೂನಿಟ್ ಬಾಬ್ತಿಗೆ ತಿಂಗಳಿಗೆ ಎರಡು ಸಾವಿರದ ಮೇಲಾಯಿತು. ನಿಗದಿ ಶುಲ್ಕ ಬೇರೆ. ಅದು ಸೋಲಾರ್ ಹಾಕಿಸಿದರೂ ತಪ್ಪುವುದಿಲ್ಲ.

ಇವರು 3 ಕಿಲೋವ್ಯಾಟ್ ಹಾಕಿಸುತ್ತಾರೆ. ಈಗಿನ ಪೇಟೆ ಧಾರಣೆಯಲ್ಲಿ ಸುಮಾರು 2 ಲಕ್ಷ. 78 ಸಾವಿರ ವಾಪಸು ಬಂದರೆ ಕೈಯಿಂದ ಹೋಗುವುದು 1 ಲಕ್ಷ 22 ಸಾವಿರ. ತಿಂಗಳಿಗೆ 2 ಸಾವಿರದಂತೆ ವರ್ಷಕ್ಕೆ 24 ಸಾವಿರ ಉಳಿಯುತ್ತೆ. ಐದು ವರ್ಷಕ್ಕೆ ಹಾಕಿದ ದುಡ್ಡು ಬಂತು. ಬ್ಯಾಂಕ್ ಸಾಲ ಮಾಡಿ ಬಡ್ಡಿ ಕಟ್ಟಿದರೂ ಆರೂವರೆ ವರ್ಷ. ಪ್ಯಾನಲ್ 25 ವರ್ಷ ಬಾಳುತ್ತೆ. ನಡುವೆ ಎಂಟು ಹತ್ತು ವರ್ಷಕ್ಕೆ ಇನ್‌ವರ್ಟರ್ ಬದಲಿಸುವ ಖರ್ಚು ಬಂದೀತು. ಅದನ್ನು ಕಳೆದರೂ ಲಾಭವೇ. ಇಂಥ ಮನೆಯವರು ಯೋಚನೆ ಮಾಡುತ್ತಾ ಕೂರಬೇಕಿಲ್ಲ, ಹಾಕಿಸಬಹುದು.

ನಮ್ಮ ಮನೆಯ ಲೆಕ್ಕ

ಈಗ ನಮ್ಮಂಥವರ ಮನೆಗೆ ಬನ್ನಿ. ನಾಲ್ಕು ದೀಪ, ಎರಡು ಫ್ಯಾನು, ಒಂದು ಟಿ.ವಿ., ಮಿಕ್ಸಿ, ಮೊಬೈಲ್ ಚಾರ್ಜು. ತಿಂಗಳಿಗೆ 60 ಯೂನಿಟ್ ಆದರೆ ಹೆಚ್ಚು. 2023ರ ಜುಲೈನಿಂದ ಗೃಹಜ್ಯೋತಿ ಬಂದಿದೆ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಪುಕ್ಕಟೆ. ನಮ್ಮ ಬಿಲ್ ಸೊನ್ನೆ.

ಬಿಲ್ ಸೊನ್ನೆ ಇರುವ ಮನೆಗೆ ಒಂದು ಕಿಲೋವ್ಯಾಟ್ ಹಾಕಿಸಿದರೆ ಏನಾಗುತ್ತೆ? ಸಣ್ಣದಕ್ಕೆ ಕಿಲೋವ್ಯಾಟ್ ಲೆಕ್ಕದಲ್ಲಿ ರೇಟು ಸ್ವಲ್ಪ ಜಾಸ್ತಿ. 70 ಸಾವಿರ ಎಂದಿಟ್ಟುಕೊಳ್ಳಿ. 30 ಸಾವಿರ ಸಹಾಯಧನ ಕಳೆದರೆ 40 ಸಾವಿರ ನಮ್ಮದು. ತಿಂಗಳಿಗೆ 110 ಯೂನಿಟ್ ಬಂತು. ಅದರಲ್ಲಿ 60 ನಾವು ಬಳಸಿದೆವು. ಆ 60 ಯೂನಿಟ್ಟಿನಿಂದ ಉಳಿದದ್ದು ಯಾರ ದುಡ್ಡು? ಅದನ್ನು ಇಷ್ಟು ದಿನ ರಾಜ್ಯ ಸರ್ಕಾರ ನಮ್ಮ ಪರವಾಗಿ ಕಟ್ಟುತ್ತಿತ್ತು. ಉಳಿದದ್ದು ಸರ್ಕಾರದ ದುಡ್ಡು. ಪ್ಯಾನಲಿಗೆ 40 ಸಾವಿರ ಹಾಕಿದವರು ಮಾತ್ರ ನಾವು.

ಮಿಕ್ಕ 50 ಯೂನಿಟ್ಟನ್ನು ವಿದ್ಯುತ್ ಕಂಪನಿ ಕೊಳ್ಳುತ್ತೆ. ಆದರೆ ನಮಗೆ ಮಾರುವ ದರಕ್ಕೆ ಕೊಳ್ಳುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ. ಸಹಾಯಧನ ತಗೊಂಡವರಿಗೆ ಇನ್ನೂ ಕಡಿಮೆ. ಮೂರು ರೂಪಾಯಿ ಸಿಕ್ಕಿತು ಎಂದೇ ಲೆಕ್ಕ ಹಾಕಿ. ತಿಂಗಳಿಗೆ 150, ವರ್ಷಕ್ಕೆ 1,800 ರೂಪಾಯಿ. 40 ಸಾವಿರ ಹಿಂದಕ್ಕೆ ಬರಲು 22 ವರ್ಷ ಬೇಕು. ಅಷ್ಟರಲ್ಲಿ ಇನ್‌ವರ್ಟರ್ ಎರಡು ಸಲ ಬದಲಿಸಬೇಕಾದೀತು.

‘ಗ್ಯಾರಂಟಿ ಇವತ್ತು ಇರುತ್ತೆ, ನಾಳೆ ಹೋಗುತ್ತೆ, ಆವಾಗ ಏನ್ ಮಾಡ್ತೀರಾ ಯಜಮಾನ್ರೇ?’ ಎಂದು ಕರಪತ್ರ ತಂದ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅದರ ಲೆಕ್ಕವನ್ನೂ ಹಾಕಿದೆ. ಗೃಹಜ್ಯೋತಿ ನಿಂತರೆ 60 ಯೂನಿಟ್ಟಿಗೆ ತಿಂಗಳಿಗೆ ಸುಮಾರು 400 ರೂಪಾಯಿ ಬಿಲ್ ಬರುತ್ತೆ. ಸೋಲಾರ್ ಇದ್ದರೆ ಆ 400 ಉಳಿಯಿತು, ಮಾರಿದ್ದರಿಂದ 150 ಬಂತು. ಒಟ್ಟು 550. ಬ್ಯಾಂಕಿನಲ್ಲಿ ಶೇ. 7ಕ್ಕೆ ಸಾಲ ಸಿಕ್ಕರೆ ಎಂಟು ವರ್ಷಕ್ಕೆ ತೀರುತ್ತೆ. ಕೈಸಾಲ ಮಾಡಿದರೆ? ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ 40 ಸಾವಿರಕ್ಕೆ ತಿಂಗಳ ಬಡ್ಡಿಯೇ 800. ಉಳಿಯುವ 550 ಬಡ್ಡಿಗೂ ಸಾಲದು. ಅಸಲು ಹಾಗೇ ಇರುತ್ತೆ.

ಬ್ಯಾಂಕ್ ಸಾಲ ಇದೆಯಲ್ಲ ಎನ್ನಬಹುದು. ಬೆಳೆ ಸಾಲ ಎರಡು ವರ್ಷ ಮಳೆ ಕೈಕೊಟ್ಟು ನವೀಕರಣ ಆಗದೆ ಉಳಿದಿದ್ದರೆ ಹೊಸ ಸಾಲದ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇನ್ನೊಂದು ಮಾತು. ಸಹಾಯಧನ ಬರುವುದು ಕೆಲಸ ಎಲ್ಲಾ ಮುಗಿದು, ಮೀಟರ್ ಕೂತು, ತಪಾಸಣೆ ಆದ ಮೇಲೆ. ಅಲ್ಲಿಯವರೆಗೆ 70 ಸಾವಿರವನ್ನೂ ನಾವೇ ಹೊಂದಿಸಬೇಕು. ಸಂಬಳದಾರನಿಗೆ ಅದು ಕಷ್ಟವಲ್ಲ. ಕಡಲೆಕಾಯಿ ಮಾರಿ ವರ್ಷಕ್ಕೊಮ್ಮೆ ದುಡ್ಡು ಕಾಣುವವನಿಗೆ ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಫೀಸು ಮೊದಲು. ಅದೇ 40 ಸಾವಿರಕ್ಕೆ ಮೂರು ನಾಲ್ಕು ಹೆಣ್ಣು ಕುರಿ ಕಟ್ಟಿದರೆ ವರ್ಷಕ್ಕೆ ಮರಿ ಕಣ್ಣಿಗೆ ಕಾಣುತ್ತೆ. ಕಷ್ಟ ಬಂದಾಗ ಸಂತೆಗೆ ಹೊಡೆದುಕೊಂಡು ಹೋಗಬಹುದು. ಮಾಳಿಗೆ ಮೇಲಿನ ಪ್ಲೇಟನ್ನು ಹಾಗೆ ಸಂತೆಗೆ ಒಯ್ಯಲಾಗುವುದಿಲ್ಲ.

ಕರಪತ್ರದಲ್ಲಿ ಇಲ್ಲದ ಮಾತುಗಳು

ದುಡ್ಡಿನ ಲೆಕ್ಕದ ಆಚೆಗೂ ಕೆಲವು ಸಂಗತಿಗಳಿವೆ.

ಒಂದು, ಕರೆಂಟ್ ಹೋದಾಗ ಈ ಸೋಲಾರ್ ಕೂಡಾ ನಿಲ್ಲುತ್ತೆ. ನೆತ್ತಿ ಮೇಲೆ ಸುಡುವ ಬಿಸಿಲಿದ್ದರೂ ಮನೆಯೊಳಗೆ ಫ್ಯಾನು ತಿರುಗುವುದಿಲ್ಲ. ಲೈನಿನಲ್ಲಿ ಕರೆಂಟ್ ಇಲ್ಲ ಎಂದು ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಪ್ಯಾನಲ್ ಕರೆಂಟ್ ಹೊಡೆಯಬಾರದು ಎಂದೇ ಹೀಗೆ ಮಾಡಿದ್ದಾರೆ. ಅದು ಸರಿಯಾದ ಏರ್ಪಾಡು. ಆದರೆ ‘ಇನ್ನು ಕರೆಂಟ್ ಹೋಗೋ ಚಿಂತೆ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಬ್ಯಾಟರಿ ಇರುವ ಬೇರೆ ನಮೂನೆ ಬೇಕು, ಅದರ ಖರ್ಚೂ ಬೇರೆ. ಬ್ಯಾಟರಿಗೆ ಸಹಾಯಧನ ಇಲ್ಲ.

ಎರಡು, ಮೀಟರ್ ಯಾರ ಹೆಸರಿನಲ್ಲಿದೆ? ನಮ್ಮಲ್ಲಿ ಎಷ್ಟೋ ಮನೆಗಳ ಆರ್.ಆರ್. ನಂಬರ್ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆ. ಅಣ್ಣತಮ್ಮಂದಿರು ಭಾಗ ಆಗಿದ್ದರೂ ಕಾಗದ ಪತ್ರ ಆಗಿಲ್ಲ. ಅರ್ಜಿದಾರನ ಹೆಸರು, ಬಿಲ್ಲಿನ ಹೆಸರು ಹೊಂದಬೇಕು. ಇದನ್ನು ಸರಿಮಾಡಿಸದೆ ಮುಂದಕ್ಕೆ ಹೋಗುವಂತಿಲ್ಲ.

ಮೂರು, ಮಾಳಿಗೆ. ಬಡಾವಣೆಯಲ್ಲಿ ಆರ್‌ಸಿಸಿ ಮೇಲೆ ನೀರಿನ ಟ್ಯಾಂಕ್ ಬಿಟ್ಟರೆ ಬೇರೇನೂ ಇರುವುದಿಲ್ಲ. ನಮ್ಮಲ್ಲಿ ಇನ್ನೂ ಎಷ್ಟೋ ಮನೆ ಮಣ್ಣಿನ ಮಾಳಿಗೆ, ಹೆಂಚು, ಶೀಟು. ಆರ್‌ಸಿಸಿ ಇದ್ದವರಿಗೆ ಅದೇ ಕಣ: ಹುಣಸೆಹಣ್ಣು, ಮೆಣಸಿನಕಾಯಿ, ಹುರುಳಿ, ಸಂಡಿಗೆ ಎಲ್ಲಾ ಒಣಗುವುದು ಅಲ್ಲೇ. ಅದರಲ್ಲಿ ನೂರು ಚದರಡಿ ಬಿಟ್ಟುಕೊಡಬೇಕು. ಪಕ್ಕದಲ್ಲಿ ಬೇವಿನ ಮರ ಇದ್ದರೆ ನೆರಳು ಬಿದ್ದಷ್ಟೂ ಕರೆಂಟ್ ಕಮ್ಮಿ. ಸೋಲಾರಿಗೆ ಎಂದು ಬೇವು ಕಡಿಯುವ ಕೆಲಸ ಯಾರೂ ಮಾಡಬೇಡಿ. ಧೂಳು ಕೂತರೂ ಉತ್ಪತ್ತಿ ಇಳಿಯುತ್ತೆ, ಆಗಾಗ ತೊಳೆಯಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ಅದೂ ಒಂದು ಲೆಕ್ಕವೇ. ಕೋತಿಗಳ ಕಾಟ ಹೇಳಬೇಕಾಗಿಲ್ಲ.

ನಾಲ್ಕು, ಕೊಳ್ಳುವ ದರ ಒಂದೇ ತೆರನಾಗಿ ಇರುವುದಿಲ್ಲ. 2013ರಲ್ಲಿ ನಮ್ಮ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಳಿಗೆ ಸೋಲಾರ್ ಕರೆಂಟಿಗೆ ಯೂನಿಟ್ಟಿಗೆ 9 ರೂ. 56 ಪೈಸೆ, ಸಹಾಯಧನ ಪಡೆದವರಿಗೆ 7 ರೂ. 20 ಪೈಸೆ ಎಂದು ನಿಗದಿ ಮಾಡಿತ್ತು. ಪ್ಯಾನಲಿನ ಬೆಲೆ ಇಳಿಯಿತು ಎಂದು 2016ರಲ್ಲಿ ಹೊಸದಾಗಿ ಸೇರುವವರಿಗೆ ದರ ಇಳಿಸಿತು. ಆಮೇಲೆ ಇನ್ನೂ ಇಳಿದಿದೆ. ಹಳಬರು ಯಾರೋ ಒಂಬತ್ತು ರೂಪಾಯಿ ಕಂಡರು ಎಂಬ ಕತೆ ಕೇಳಿಕೊಂಡು ಇವತ್ತು ನಾವು ಸಾಲ ಮಾಡಬಾರದು.

ಹಳ್ಳಿಯಲ್ಲಿ ಯಾರಿಗೆ ಹೊಂದುತ್ತೆ?

ಹಳ್ಳಿಗೆ ಸೋಲಾರೇ ಬೇಡ ಎಂಬುದು ನನ್ನ ಮಾತಲ್ಲ. ಹೈನುಗಾರಿಕೆ ಮಾಡಿ ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇಟ್ಟವರು, ಕೂಡು ಕುಟುಂಬದವರು, ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿರುವವರು ಎಲ್ಲೇ ಇರಲಿ ಬಡಾವಣೆ ಮನೆಯವರ ಹಾಗೆಯೇ. ಅವರು ಹಾಕಿಸಲಿ. ಒಂದು ಎಚ್ಚರಿಕೆ ಏನೆಂದರೆ ಈ ಸಹಾಯಧನ ಮನೆ ಮೀಟರಿಗೆ ಮಾತ್ರ. ಅಂಗಡಿ, ಹಿಟ್ಟಿನ ಗಿರಣಿ ಮೀಟರಿಗೆ ಇಲ್ಲ.

ಹಾಕಿಸುವವರು ಮೊದಲು ಹನ್ನೆರಡು ತಿಂಗಳ ಬಿಲ್ಲು ಜೋಡಿಸಿಟ್ಟು ಯೂನಿಟ್ ಕೂಡಿ ಹನ್ನೆರಡರಿಂದ ಭಾಗಿಸಿ. ಆ ಸರಾಸರಿಗೆ ತಕ್ಕಷ್ಟೇ ಹಾಕಿಸಿ, ಹೆಚ್ಚು ಸಹಾಯಧನ ಸಿಗುತ್ತೆ ಎಂದು ದೊಡ್ಡದು ಬೇಡ. ಹಾಕುವವನು ಯೋಜನೆಯಲ್ಲಿ ನೋಂದಣಿ ಆದವನೇ ಎಂದು ನೋಡಿ. ಪ್ಯಾನಲ್ ದೇಶದಲ್ಲೇ ತಯಾರಾದದ್ದು ಇರಬೇಕು, ಇಲ್ಲದಿದ್ದರೆ ಸಹಾಯಧನ ಬರುವುದಿಲ್ಲ. ಐದು ವರ್ಷದ ನಿರ್ವಹಣೆ ಅವನ ಹೊಣೆ, ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಸಹಾಯಧನ ನೇರ ನಿಮ್ಮ ಖಾತೆಗೆ ಬರುತ್ತೆ, ಮಧ್ಯೆ ಯಾರ ಕೈಗೂ ಹೋಗುವಂತಿಲ್ಲ.

ಬರೀ ಬೆಳಕು ಸಾಕು ಎನ್ನುವ ತೋಟದ ಒಂಟಿ ಮನೆಯವರಿಗೆ ದಾರಿ ಬೇರೆ. ಸಣ್ಣ ಪ್ಯಾನಲ್, ಬ್ಯಾಟರಿ, ನಾಲ್ಕು ದೀಪ. 1995ರಲ್ಲಿ ಹರೀಶ್ ಹಂದೆ ಅವರು ಕಟ್ಟಿದ ಸೆಲ್ಕೊ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇದನ್ನೇ ಮಾಡಿ ತೋರಿಸಿತು. ಮನೆಗೆ ಎಷ್ಟು ಬೇಕೋ ಅಷ್ಟು ದೀಪ, ಗ್ರಾಮೀಣ ಬ್ಯಾಂಕುಗಳಿಂದ ಸಾಲ, ಅವರವರ ದುಡಿಮೆಗೆ ತಕ್ಕ ಕಂತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇದಕ್ಕೇ. ಅಲ್ಲಿ ಮೊದಲು ಮನೆ ನೋಡಿ ಆಮೇಲೆ ಪ್ಯಾನಲ್ ನಿಗದಿ ಮಾಡುತ್ತಿದ್ದರು. ಈಗಿನ ಯೋಜನೆಯಲ್ಲಿ ಮೊದಲು ಕಿಲೋವ್ಯಾಟ್ ನಿಗದಿ ಆಗಿದೆ, ಮನೆ ಆಮೇಲೆ.

ನಾವು ಕೇಳಬೇಕಾದ್ದು

ಈ ಸಹಾಯಧನ ಕಿಲೋವ್ಯಾಟಿನ ಮೇಲೆ ಅಳೆದು ಕೊಡುವುದು. ಅಂದರೆ ಜಾಸ್ತಿ ಕರೆಂಟ್ ಸುಡುವವನಿಗೆ 78 ಸಾವಿರ, ಕಮ್ಮಿ ಸುಡುವವನಿಗೆ 30 ಸಾವಿರ. ಅದರ ಮೇಲೆ ಜಾಸ್ತಿ ಸುಡುವವನಿಗೆ ಬಿಲ್ಲೂ ಉಳಿಯಿತು. ಕಮ್ಮಿ ಸುಡುವವನಿಗೆ ಉಳಿಯಲು ಬಿಲ್ಲೇ ಇಲ್ಲ. ಒಂದು ಸರ್ಕಾರ ಕರೆಂಟ್ ಪುಕ್ಕಟೆ ಕೊಡುತ್ತೆ, ಇನ್ನೊಂದು ಸರ್ಕಾರ ಕರೆಂಟ್ ನೀನೇ ಮಾಡಿಕೋ ಎಂದು ದುಡ್ಡು ಕೊಡುತ್ತೆ. ಎರಡೂ ಒಂದೇ ಮನೆ ಬಾಗಿಲಿಗೆ ಬಂದು ಒಂದಕ್ಕೊಂದು ಅಡ್ಡ ನಿಂತಿವೆ.

ಇದನ್ನು ಹೊಂದಿಸಲು ಸಾಧ್ಯ. ನಮ್ಮ 60 ಯೂನಿಟ್ಟಿಗೆ ರಾಜ್ಯ ಸರ್ಕಾರ ವಿದ್ಯುತ್ ಕಂಪನಿಗೆ ತಿಂಗಳಿಗೆ 400ರಂತೆ ವರ್ಷಕ್ಕೆ 4,800 ರೂಪಾಯಿ ತುಂಬುತ್ತಿದೆ ಎಂದು ಇಟ್ಟುಕೊಳ್ಳೋಣ. ಎಂಟೂವರೆ ವರ್ಷಕ್ಕೆ 40 ಸಾವಿರ ದಾಟಿತು. ನಾವು ಕೈಯಿಂದ ಹಾಕಬೇಕಾದ ಪಾಲೂ ಅಷ್ಟೇ. ಹಾಗಿದ್ದ ಮೇಲೆ ಆ ಪಾಲನ್ನು ರಾಜ್ಯ ಸರ್ಕಾರವೇ ಮೊದಲೇ ಹಾಕಿ, ಒಪ್ಪಿದ ಮನೆಗಳ ಮೇಲೆ ಪ್ಯಾನಲ್ ಕೂರಿಸಬಾರದೇಕೆ? 30 ಸಾವಿರ ಕೇಂದ್ರದ್ದು, ಮಿಕ್ಕಿದ್ದು ರಾಜ್ಯದ್ದು. ಮನೆಯವನಿಗೆ ಕರೆಂಟ್ ಈಗಿನ ಹಾಗೆ ಪುಕ್ಕಟೆ. ಒಂಬತ್ತನೇ ವರ್ಷದಿಂದ ಸರ್ಕಾರಕ್ಕೂ ಹೊರೆ ಇಳಿಯಿತು. ಒಂದೊಂದೇ ಮನೆ ಹಾಕಿಸುವ ಬದಲು ಊರಿಗೆ ಊರೇ ಒಟ್ಟಿಗೆ ಕೊಂಡರೆ ರೇಟೂ ಕಮ್ಮಿ ಬೀಳುತ್ತೆ. ವಿದ್ಯುತ್ ಕಂಪನಿಯೇ ಮನೆಗಳ ಪರವಾಗಿ ಹಾಕಿಸಲು ಸೂರ್ಯ ಘರ್ ನಿಯಮದಲ್ಲೇ ಅವಕಾಶ ಇದೆ. ಗಡಿಯಾಚೆ ಆಂಧ್ರ ಸರ್ಕಾರ ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ 2 ಕಿಲೋವ್ಯಾಟ್ ಪುಕ್ಕಟೆ ಹಾಕಿಸುವ ಯೋಜನೆ ಪ್ರಕಟಿಸಿದೆ. ನಮ್ಮಲ್ಲೂ ನೀರಾವರಿ ಪಂಪಿಗೆ ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರ ಶೇ. 30, ರಾಜ್ಯ ಶೇ. 50 ಹಾಕಿ ರೈತನ ಪಾಲನ್ನು ಶೇ. 20ಕ್ಕೆ ಇಳಿಸಿದ್ದಾರೆ. ಕೊಳವೆಬಾವಿ ಇದ್ದವನಿಗೆ ಆ ಅನುಕೂಲ ಆಯಿತು. ಕೊಳವೆಬಾವಿ ಇಲ್ಲದ ಬೆದ್ದಲು ರೈತನಿಗೆ ಮನೆ ಒಂದೇ ಇರುವುದು. ಅಲ್ಲಿ ಅವನ ಪಾಲು ನೂರಕ್ಕೆ ಐವತ್ತೇಳು ಬೀಳುತ್ತಿದೆ.

ಆರ್‌ಸಿಸಿ ಇಲ್ಲದವರ ಗತಿ ಏನು ಎಂದರೆ ಅದಕ್ಕೂ ದಾರಿ ಇದೆ. ಒಂದು ಕಡೆ ಪ್ಯಾನಲ್ ಹಾಕಿ ಅದರ ಕರೆಂಟನ್ನು ಹಲವು ಮೀಟರುಗಳ ಲೆಕ್ಕಕ್ಕೆ ಹಂಚುವ ಪದ್ಧತಿ ದೆಹಲಿಯಲ್ಲಿ 2019ರಿಂದಲೇ ಇದೆ. ಶಾಲೆ ಮಾಳಿಗೆ, ಡೇರಿ ಕಟ್ಟಡ, ಪಂಚಾಯ್ತಿ ಆಫೀಸು ನಮ್ಮ ಊರುಗಳಲ್ಲೂ ಇವೆ.

ಮೂರನೆಯದು, ಕೊಳ್ಳುವ ದರ. ಒಂದು ಕಿಲೋವ್ಯಾಟಿನ ಬಡ ಮನೆಗೂ ಹತ್ತು ಕಿಲೋವ್ಯಾಟಿನ ಬಂಗಲೆಗೂ ಒಂದೇ ತಕ್ಕಡಿ ಹಿಡಿಯಬಾರದು. ಸಣ್ಣವನ ಮಿಕ್ಕ ಕರೆಂಟಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಕಂಪನಿ ಮುಳುಗುವುದಿಲ್ಲ. ದರ ನಿಗದಿಗೆ ಮುಂಚೆ ಆಯೋಗ ಸಾರ್ವಜನಿಕರ ಅಹವಾಲು ಕೇಳುತ್ತೆ. ಅಲ್ಲಿಗೆ ಕೈಗಾರಿಕೆಯವರು ವಕೀಲರನ್ನು ಕರೆದುಕೊಂಡು ಹೋಗುತ್ತಾರೆ. ನಮ್ಮ ರೈತ ಸಂಘದವರು ಪಂಪ್‌ಸೆಟ್ ವಿಚಾರ ಮಾತಾಡುತ್ತಾರೆ, ಅದು ಬೇಕು. ಅದರ ಜತೆಗೆ ಮನೆ ಮೀಟರಿನ ವಿಚಾರವನ್ನೂ ಎತ್ತಬೇಕು.

ನಮಗೆ ಬಿಸಿಲಿನ ಬರ ಇಲ್ಲ. ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆ ಬೆದ್ದಲು ಭೂಮಿಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ನಿಂತಿದೆ. ಅದೇ ಬಿಸಿಲು ನಮ್ಮ ಮಾಳಿಗೆ ಮೇಲೂ ಬೀಳುತ್ತಿದೆ. ಅದನ್ನು ಕರೆಂಟ್ ಮಾಡಿಕೊಳ್ಳಲು ನಾವು ಸಿದ್ಧರಿದ್ದೇವೆ, ಸಾಲಗಾರರಾಗಲು ಸಿದ್ಧರಿಲ್ಲ.

ಅಲ್ಲಿಯವರೆಗೆ ನನ್ನ ಸಲಹೆ ಇಷ್ಟೇ. ಬಿಲ್ ಸೊನ್ನೆ ಇರುವವರು ಕೈಸಾಲ ಮಾಡಿ ಹಾಕಿಸಬೇಡಿ. ಸಾವಿರ, ಎರಡು ಸಾವಿರ ಬಿಲ್ ಕಟ್ಟುವವರು ತಡಮಾಡಬೇಡಿ. ಮೀಟರ್ ತಾತನ ಹೆಸರಿನಲ್ಲಿ ಇರುವವರು ಸೋಲಾರ್ ಹಾಕಿಸಲಿ ಬಿಡಲಿ, ಹೆಸರು ಬದಲಾವಣೆ ಈಗಲೇ ಮಾಡಿಸಿಕೊಳ್ಳಿ, ಮುಂದೆ ಯಾವ ಯೋಜನೆ ಬಂದರೂ ಅದು ಬೇಕಾಗುತ್ತೆ. ಪತ್ರಿಕೆಯ ಓದುಗರಲ್ಲಿ ಈಗಾಗಲೇ ಹಾಕಿಸಿದವರು ಇರಬಹುದು. ಎಷ್ಟು ಖರ್ಚಾಯಿತು, ಸಹಾಯಧನ ಎಷ್ಟು ತಿಂಗಳಿಗೆ ಬಂತು, ವರ್ಷದಲ್ಲಿ ಎಷ್ಟು ಯೂನಿಟ್ ಬಂತು, ಮಾರಿದ ಕರೆಂಟಿಗೆ ಎಷ್ಟು ಸಿಕ್ಕಿತು ಎಂದು ಒಂದು ಹಾಳೆಯಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಏಜೆಂಟರ ಕರಪತ್ರಕ್ಕಿಂತ ನಮ್ಮವರದೇ ಹತ್ತು ಮನೆಯ ಬಿಲ್ಲು ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ.